ಎಡಬಿಡಂಗಿ ಅನ್ನಿಸಿಕೊಳ್ಳುವ ಆಸೆ

ಕೆಲವರಿಗೆ ಆಗಾಗ ನೆಗಡಿ ಆಗುತ್ತದೆ, ಕೆಲವರಿಗೆ ಮಂಡಿನೋವು ಬರುತ್ತದೆ. ನನಗೆ ಎಡವಟ್ಟು ಆಗುತ್ತದೆ. ಅದಕ್ಕೆ ಹವಾಮಾನವೂ ಕಾರಣವಲ್ಲ, ಊರೂ ಕಾರಣವಲ್ಲ. ತಿಪಟೂರಿನಲ್ಲಿದ್ದಾಗಲೂ ಆಗುತ್ತಿತ್ತು, ಗುಜರಾತಿಗೆ ಹೋದಮೇಲೂ ಆಯಿತು. ವ್ಯತ್ಯಾಸ ಇಷ್ಟೇ: ತಿಪಟೂರಿನಲ್ಲಿ ಎಡವಟ್ಟು ಆದ ಮರುಕ್ಷಣ ನಮ್ಮಕ್ಕ ಅದಕ್ಕೊಂದು ಹೆಸರಿಟ್ಟು ಅಲ್ಲಿಗೆ ಮುಗಿಸಿಬಿಡುತ್ತಿದ್ದಳು. ‘ಎಡಬಿಡಂಗಿ!’

ಈಗಿನ ಹುಡುಗರ ಬಾಯಲ್ಲಿ ಈ ಮಾತು ಕೇಳಿದ ನೆನಪಿಲ್ಲ. ನಿಘಂಟಿನಲ್ಲಿ ಏನು ಅರ್ಥ ಕೊಟ್ಟಿದ್ದಾರೋ ನಾನು ನೋಡಿಲ್ಲ. ನಮ್ಮ ಮನೆಯ ಮಟ್ಟಿಗೆ ಅದರ ಅರ್ಥ ನಾನೇ. ಆದರೂ ತಿಳಿಯದವರಿಗೆ ಬಿಡಿಸಿ ಹೇಳುತ್ತೇನೆ. ಪೆದ್ದನಿಗೆ ಏನೂ ಗೊತ್ತಿರುವುದಿಲ್ಲ, ಹಾಗಾಗಿ ತೆಪ್ಪಗಿರುತ್ತಾನೆ. ಜಾಣನಿಗೆ ಎಲ್ಲ ಗೊತ್ತಿರುತ್ತದೆ. ಎಡಬಿಡಂಗಿಗೆ ಅರ್ಧ ಗೊತ್ತಿರುತ್ತದೆ, ಧೈರ್ಯ ಮಾತ್ರ ಪೂರ್ತಿ ಇರುತ್ತದೆ. ರೇಷನ್ ಅಂಗಡಿಗೆ ಸೀಮೆಎಣ್ಣೆ ತರಲು ಹೋಗಿ, ಸಾಲಿನ ತುದಿ ಮುಟ್ಟಿದ ಮೇಲೆ ಡಬ್ಬ ತಂದಿಲ್ಲ ಅಂತ ಹೊಳೆದರೆ ಅದು ಬರೀ ಮರೆವು. ಹೋಗಲಿ ಅಂತ ಕುಡಿಯುವ ನೀರಿನ ಬಾಟಲಿಗೇ ಹಾಕಿಸಿಕೊಂಡು ಬಂದು, ಬಿಸಿಲಲ್ಲಿ ನಡೆದು ಬಾಯಾರಿತೆಂದು ಅದನ್ನೇ ಎತ್ತಿ ಕುಡಿಯಲು ಹೋದರೆ ಅದು ಎಡಬಿಡಂಗಿತನ.

ಬಳಸುವುದಕ್ಕೂ ಒಂದು ಕ್ರಮ ಇತ್ತು. ರೊಟ್ಟಿ ತಟ್ಟುತ್ತಲೇ, ತಲೆ ಎತ್ತದೆ ‘ಎಡಬಿಡಂಗಿ’ ಅಂದರೆ ಸಣ್ಣ ತಪ್ಪು. ‘ಅಯ್ಯೋ ಎಡಬಿಡಂಗಿ’ ಅಂತ ಹಣೆ ಚಚ್ಚಿಕೊಂಡರೆ ಮನೆಗೆ ಏನೋ ನಷ್ಟ ಆಗಿದೆ. ‘ಎಡಬಿಡಂಗಿ ಮುಂಡೇದೇ’ ಅಂದರೆ ನಷ್ಟ ದೊಡ್ಡದೇ, ಆದರೆ ಅಕ್ಕನಿಗೆ ನಗು ತಡೆಯಲು ಆಗುತ್ತಿಲ್ಲ. ಅದು ಸಿಕ್ಕಿದ ದಿನ ಊಟದಲ್ಲಿ ತುಪ್ಪ ಸ್ವಲ್ಪ ಹೆಚ್ಚೇ ಬೀಳುತ್ತಿತ್ತು. ಇನ್ನೊಂದು ಮುಖ್ಯ ವಿಷಯ, ಈ ಮಾತನ್ನು ಹೊರಗಿನವರಿಗೆ ಅನ್ನುವಂತಿಲ್ಲ. ಬಸ್ಸಿನಲ್ಲಿ ಕಾಲು ತುಳಿದವನನ್ನು ಬೇಕಾದರೆ ಪೆದ್ದ ಅನ್ನಬಹುದು. ಎಡಬಿಡಂಗಿ ಅನ್ನಿಸಿಕೊಳ್ಳಬೇಕಾದರೆ ಅವನು ಮನೆಯವನೇ ಆಗಿರಬೇಕು.

ನಮ್ಮಮ್ಮ ಬೇಗ ಹೋದರು. ನನ್ನನ್ನು ಸಾಕಿದವಳು ಅಕ್ಕ. ಭಾವ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ಒಳ್ಳೆಯವರು, ಮಾತು ಕಡಿಮೆ. ನಾನು ಡಿಪ್ಲೊಮಾ ಮುಗಿಸಿದ ಹೊಸದರಲ್ಲಿ ಶಿರಾ ಕಡೆಯಿಂದ ಹೆಣ್ಣಿನವರು ನಮ್ಮ ಮನೆ ನೋಡಲು ಬಂದರು. ಬೀದಿನಾಯಿ ಚಪ್ಪಲಿ ಕಚ್ಚಿಕೊಂಡು ಹೋಗುತ್ತದೆಂದು ನಾನು ಅವರೆಲ್ಲರ ಚಪ್ಪಲಿಗಳನ್ನು ಒಳಗೆ ತಂದು, ಖಾಲಿ ಜಾಗ ಕಂಡಲ್ಲಿ ಸಾಲಾಗಿ ಜೋಡಿಸಿಟ್ಟೆ. ಆ ಜಾಗ ದೇವರ ಗೂಡಿನ ಮುಂದೆ ಇತ್ತು. ಅಕ್ಕ ಕಾಫಿ ಹಿಡಿದು ಬಂದವಳು ಅಭ್ಯಾಸಬಲದಿಂದ ‘ಅಯ್ಯೋ ಎಡಬಿಡಂಗಿ!’ ಅಂದುಬಿಟ್ಟಳು. ಬಂದವರು ಕಾಫಿ ಕುಡಿದು, ದೇವರಿಗೆ ಕೈ ಮುಗಿದು, ಅಲ್ಲೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಮತ್ತೆ ಬರಲಿಲ್ಲ. ಅವತ್ತು ಭಾವ, ‘ಒಡಹುಟ್ಟಿದವಳೇ ಹಾಗಂದ್ರೆ ಹೆಣ್ಣು ಕೊಡೋರು ಯಾರು?’ ಅಂದರು. ವರ್ಷದಲ್ಲಿ ಒಂದು ಸಲ ಬಾಯಿ ಬಿಡುವ ಮನುಷ್ಯ ಬಿಟ್ಟರೆ ಹೀಗೇ ಆಗುವುದು. ಅಕ್ಕ ಅಡುಗೆಮನೆಯಲ್ಲಿ ಕೂತು ಅತ್ತಳು. ಅಂದಿನಿಂದ ಆ ಮಾತು ನಿಂತೇಹೋಯಿತು.

ಅದಾದ ಸ್ವಲ್ಪ ದಿನಕ್ಕೇ ನನಗೆ ಅಹಮದಾಬಾದಿನಲ್ಲಿ ಕೆಲಸ ಸಿಕ್ಕಿತು. ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ. ಕೂದಲೆಳೆಯನ್ನೂ ತೂಗುವ ಸೂಕ್ಷ್ಮ ತಕ್ಕಡಿಗಳು. ಊರಂಚಿನ ವಟ್ವಾದ ಬಣ್ಣದ ಕಾರ್ಖಾನೆಗಳಲ್ಲಿ, ಬರೋಡಾದ ಕಾಲೇಜು ಲ್ಯಾಬುಗಳಲ್ಲಿ, ಸೂರತ್ತಿನ ವಜ್ರದ ಕಚೇರಿಗಳಲ್ಲಿ ಅವು ಕೆಟ್ಟಾಗಲೆಲ್ಲ ನಾನು ಚೀಲ ಹೆಗಲಿಗೇರಿಸಿ ಹೊರಡಬೇಕು. ಆಗ ಮೊಬೈಲಿಗೆ ಬರುವ ಕರೆಗೆ ದುಡ್ಡು ಕಡಿದುಕೊಳ್ಳುವುದು ಆಗತಾನೇ ನಿಂತಿತ್ತು. ಭಾನುವಾರ ಅಕ್ಕ ಎದುರುಮನೆಯ ಫೋನಿನಿಂದ ಮಾತಾಡುವಳು. ‘ಊಟ ಆಯ್ತಾ? ಹುಷಾರಾಗಿದೀಯಾ? ಆಯ್ತಪ್ಪ.’

ಆ ‘ಅಪ್ಪ’ ಇದೆಯಲ್ಲ, ಅದನ್ನು ಕೇಳಿದರೆ ನಾನು ಫೋನನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದೆ. ಊರ ಪಟೇಲರನ್ನು ಮಾತಾಡಿಸಿದ ಹಾಗೆ ನನ್ನನ್ನು ಮಾತಾಡಿಸುತ್ತಿದ್ದಳು. ಗುಜರಾತಿಗಳ ಸಿಹಿ ಬೇಳೆಸಾರಿಗೆ ಹೊಂದಿಕೊಂಡೆ, ಬಿಸಿಲಿಗೆ ಹೊಂದಿಕೊಂಡೆ. ಇದಕ್ಕೆ ಮಾತ್ರ ಆಗಲಿಲ್ಲ. ಆದ್ದರಿಂದ ವಾರವಿಡೀ ಆದ ಎಡವಟ್ಟುಗಳನ್ನೆಲ್ಲ ಭಾನುವಾರ ಒಂದೊಂದಾಗಿ ಅವಳ ಮುಂದೆ ಸುರಿಯುತ್ತಿದ್ದೆ. ಯಾವುದಕ್ಕಾದರೂ ಆ ಮಾತು ಬಂದೀತು ಅಂತ.

ಫ್ಯಾನು

ಮೇ ತಿಂಗಳು. ಸೂರತ್ತಿನ ಒಂದು ವಜ್ರದ ಕಚೇರಿಯಲ್ಲಿ ತಕ್ಕಡಿ ಒಂದೇ ಹರಳಿಗೆ ಸಲಕ್ಕೊಂದು ತೂಕ ತೋರಿಸುತ್ತಿದೆ ಅಂತ ಕರೆ ಬಂತು. ಬೆಳಗಿನ ರೈಲಿಗೆ ಹೋದೆ. ಒಳಗೆ ಬಿಳಿ ಹಾಸಿದ ಉದ್ದದ ಮೇಜುಗಳು, ಎರಡೂ ಬದಿಯಲ್ಲಿ ಜನ. ಕಣ್ಣಿಗೆ ಮಸೂರ, ಕೈಯಲ್ಲಿ ಚಿಮಟ, ಎದುರಿಗೆ ಬಿಚ್ಚಿಟ್ಟ ಕಾಗದದ ಪೊಟ್ಟಣಗಳಲ್ಲಿ ಸಣ್ಣ ರವೆಯಂಥ ವಜ್ರ. ಕಿಟಕಿಗಳೆಲ್ಲ ಮುಚ್ಚಿವೆ. ಎಲ್ಲರ ಅಂಗಿಯೂ ಬೆವರಿಗೆ ಮೈಗಂಟಿದೆ. ಮೂಲೆಯಲ್ಲಿ ಒಂದು ದೊಡ್ಡ ನಿಲುವು ಫ್ಯಾನು ಗೋಡೆಗೆ ಮುಖ ಮಾಡಿ ಸುಮ್ಮನೆ ನಿಂತಿದೆ.

ಸೆಕೆ ಹೆಚ್ಚಾದರೆ ತಕ್ಕಡಿ ತಪ್ಪು ತೋರಿಸುತ್ತದೆ ಅಂತ ನನಗೆ ಗೊತ್ತಿತ್ತು. ಇದು ಅರ್ಧ ಜ್ಞಾನ. ಕೋಟಿಗಟ್ಟಲೆ ವ್ಯಾಪಾರ ಮಾಡುವವರು ಕರೆಂಟು ಉಳಿಸಲು ಹೀಗೆ ಬೇಯುತ್ತಾರಲ್ಲ ಅಂತ ಮರುಕವೂ ಹುಟ್ಟಿತು. ಯಾರನ್ನೂ ಕೇಳದೆ ಫ್ಯಾನನ್ನು ಮೇಜಿನ ಕಡೆ ತಿರುಗಿಸಿ ಗುಂಡಿ ಒತ್ತಿದೆ.

ವಜ್ರದ ಕಚೇರಿಯಲ್ಲಿ ಸಂಜೆ ಮಾಲೆಲ್ಲ ತಿಜೋರಿ ಸೇರಿದ ಮೇಲಷ್ಟೇ ಫ್ಯಾನು ಹಾಕುವ ಪದ್ಧತಿ ಅಂತ ನನಗೆ ತಿಳಿದದ್ದು ಆಮೇಲೆ. ಒಂದೇ ಸಲಕ್ಕೆ ಎಲ್ಲರೂ ಕೂಗಿಕೊಂಡರು. ಇನ್ನೊಂದೇ ಸಲಕ್ಕೆ ಎಲ್ಲರೂ ಕಲ್ಲಾದರು. ಎದ್ದವನು ಎದ್ದಂತೆ, ಬಗ್ಗಿದವನು ಬಗ್ಗಿದಂತೆ. ಒಬ್ಬ ಕಾಲೆತ್ತಿದವನು ಅದನ್ನು ಕೆಳಗಿಡಲು ಹೆದರಿ ಕೊಕ್ಕರೆ ಹಾಗೆ ನಿಂತೇ ಇದ್ದ. ಬಾಗಿಲಿಗೆ ಅಗುಳಿ ಬಿತ್ತು. ಕಸಬರಿಕೆ, ಕುಂಚ, ಜರಡಿ ಬಂದವು. ಎಲ್ಲರಿಗಿಂತ ಮೊದಲು ನನ್ನನ್ನು ಬಿಳಿ ಹಾಳೆಯ ಮೇಲೆ ನಿಲ್ಲಿಸಿ, ಸೀರಣಿಗೆಯಿಂದ ತಲೆ ಬಾಚಿ, ಪ್ಯಾಂಟಿನ ಮಡಿಕೆ ಬಿಚ್ಚಿ, ಕಿವಿಯ ಹಿಂದೆ ಕುಂಚ ಆಡಿಸಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಹರಳು ಬಿಟ್ಟು ಎಲ್ಲ ಸಿಕ್ಕಿದವು. ಆ ಒಂದು ಸಿಕ್ಕಿದ್ದು ನನ್ನ ಮೀಸೆಯಲ್ಲಿ.

ಮುದುಕ ಸೇಠು ಅದನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟು, ‘ಭಾಯ್, ಈಗ ನೀವು ಹೋಗಬಹುದು. ನಿಮ್ಮ ಬೆಲೆ ಮೊದಲಿನಷ್ಟೇ ಆಯಿತು’ ಅಂದ.

ಭಾನುವಾರ ಇಷ್ಟನ್ನೂ ಅಕ್ಕನಿಗೆ ಹೇಳಿ ಕಿವಿ ನಿಮಿರಿಸಿ ಕಾದೆ. ‘ಪಾಪ, ಸೆಕೆ ಇತ್ತಲ್ಲ. ನೀನೇನು ಬೇಕೂಂತ ಮಾಡ್ದ್ಯಾ? ಮಜ್ಜಿಗೆ ಕುಡೀಪ್ಪ’ ಅಂದಳು.

ಬಲ ಬಂದದ್ದು

ಬರೋಡಾಕ್ಕೆ ಹೋದರೆ ನಾನು ಇಳಿದುಕೊಳ್ಳುತ್ತಿದ್ದದ್ದು ಫತೇಗಂಜಿನಲ್ಲಿ, ಹಾಸನದ ಕಡೆಯ ಒಬ್ಬ ಗೆಳೆಯನ ರೂಮಿನಲ್ಲಿ. ಅವನು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ನವರಾತ್ರಿಯಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡೆ. ‘ಬಾ, ಗರ್ಬಾಕ್ಕೆ ಹೋಗೋಣ, ಬರೋಡಾಕ್ಕೆ ಬಂದು ಅದನ್ನ ನೋಡದೆ ಹೋದ್ರೆ ಜನ ನಗ್ತಾರೆ’ ಅಂತ ಎಳೆದುಕೊಂಡು ಹೋದ. ಹೋದದ್ದಕ್ಕೆ ನಕ್ಕರು, ಅದು ಬೇರೆ ಮಾತು.

ದೊಡ್ಡ ಮೈದಾನ. ನಟ್ಟನಡುವೆ ದೇವಿ, ದೀಪ. ಸುತ್ತ ಸಾವಿರಾರು ಜನ ಬರಿಗಾಲಲ್ಲಿ ಚಪ್ಪಾಳೆ ಹೊಡೆಯುತ್ತ ಸುತ್ತುಗಟ್ಟಿ ಕುಣಿಯುತ್ತಿದ್ದಾರೆ. ಬಹಳ ಚೆಂದ ಇತ್ತು. ಆದರೆ ನೋಡುತ್ತ ನೋಡುತ್ತ ನನಗೆ ಒಂದು ವಿಷಯ ಹೊಳೆಯಿತು. ಅಷ್ಟೂ ಜನ ದೇವಿಯನ್ನು ಎಡಕ್ಕಿಟ್ಟುಕೊಂಡು ಸುತ್ತುತ್ತಿದ್ದಾರೆ! ಚಿಕ್ಕಂದಿನಿಂದ ಅಕ್ಕ ಹನುಮಂತನ ಗುಡಿಯಲ್ಲಿ ನನ್ನ ತೋಳು ಹಿಡಿದು ಕಲಿಸಿದ್ದು ಬಲ ಬರುವುದನ್ನು. ಎಡಕ್ಕೆ ಬಂದರೆ ಅಪ್ರದಕ್ಷಿಣೆ, ಇದ್ದ ಪುಣ್ಯವೂ ಹೋಗುತ್ತದೆ.

ಗೆಳೆಯನಿಗೆ ಹೇಳಿದೆ. ‘ಇಡೀ ಊರು ತಪ್ಪು ಸುತ್ತುತ್ತಾ ಇದೆಯಲ್ಲೋ.’

‘ಇಲ್ಲಿ ಹಾಗೇ ಕಣೋ. ಸುಮ್ನೆ ನುಗ್ಗು.’

‘ಊರು ಹಾಳಾಗ್ಲಿ, ನಾನು ಅಪ್ರದಕ್ಷಿಣೆ ಬರೋದಿಲ್ಲ’ ಅಂದವನೇ ನಾನು ಎದುರುಮುಖವಾಗಿ ನುಗ್ಗಿದೆ.

ಆಮೇಲಿನದ್ದು ನನಗೆ ಪೂರ್ತಿ ನೆನಪಿಲ್ಲ. ಮೊಣಕೈಗಳು ನೆನಪಿವೆ. ಕನ್ನಡಿ ಹೊಲಿದ ಲಂಗಗಳು ನೆನಪಿವೆ. ಎದುರಿಂದ ಅಲೆ ಅಲೆಯಾಗಿ ಜನ ಬರುತ್ತಿದ್ದರು, ನಾನು ಒಬ್ಬೊಬ್ಬರ ಮುಖಕ್ಕೂ ಡಿಕ್ಕಿ ತಪ್ಪಿಸಿಕೊಳ್ಳುತ್ತ ಮುಂದೆ ಹೋಗುತ್ತಿದ್ದೆ. ಅಷ್ಟರಲ್ಲಿ ಬಿಲ್ಲೆ ಕಟ್ಟಿದ ಸ್ವಯಂಸೇವಕನೊಬ್ಬ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದ. ಬೈಯುತ್ತಾನೆ ಅಂದುಕೊಂಡೆ. ಅವನ ಕಣ್ಣಲ್ಲಿ ನೋಡಿದರೆ ಕರುಣೆ! ‘ಯಾರು ಕಳೆದುಹೋಗಿದ್ದಾರೆ, ಭಾಯ್? ಮಗುವಾ, ಹೆಂಡತಿಯಾ?’ ಅಂದ. ಎದುರುಮುಖವಾಗಿ ಹೋಗುತ್ತ ಎಲ್ಲರ ಮುಖ ನೋಡುತ್ತಿದ್ದೆನಲ್ಲ, ಯಾರನ್ನೋ ಹುಡುಕುತ್ತಿದ್ದೇನೆ ಅಂತ ತಿಳಿದಿದ್ದ.

ಇಲ್ಲ ಅನ್ನುವಷ್ಟರಲ್ಲಿ ನನ್ನನ್ನು ಮೈಕಿನವನ ಹತ್ತಿರ ನಿಲ್ಲಿಸಿಯಾಗಿತ್ತು. ಹಾಡು ನಿಂತಿತು. ಸಾವಿರಾರು ಜನ ನಿಂತರು. ‘ನೀಲಿ ಗೀಟಿನ ಅಂಗಿಯ ದಕ್ಷಿಣದ ಭಾಯಿಯೊಬ್ಬರು ತಮ್ಮವರನ್ನು ಕಳೆದುಕೊಂಡು ಹುಡುಕುತ್ತಿದ್ದಾರೆ. ಅವರ ಕಡೆಯವರು ಯಾರಿದ್ದರೂ ದಯವಿಟ್ಟು ವೇದಿಕೆಯ ಹತ್ತಿರ ಬನ್ನಿ’ ಅಂತ ಘೋಷಣೆ ಆಯಿತು. ನಾನು ಗುಂಪಿನಲ್ಲಿ ಗೆಳೆಯನ ಮುಖ ಹುಡುಕಿದೆ. ಸಿಕ್ಕಿತು. ಅವನು ಪಕ್ಕದವರ ಜೊತೆ ಸೇರಿಕೊಂಡು ‘ಪಾಪ, ಯಾರೋ ಏನೋ’ ಅನ್ನುವಂತೆ ತಲೆ ಅಲ್ಲಾಡಿಸುತ್ತಿದ್ದ.

ಎಲ್ಲರೂ ನನ್ನನ್ನು ಅಯ್ಯೋ ಅಂತ ನೋಡುತ್ತಿದ್ದರಲ್ಲ, ಆ ಒಂದು ಗಳಿಗೆ ನಾನು ನಿಜಕ್ಕೂ ಕಳೆದುಹೋದವನೇ ಅನ್ನಿಸಿತು. ನನ್ನವರು ಅನ್ನುವವರು ಯಾರೂ ಬರುವಂತಿರಲಿಲ್ಲ. ಬರಬೇಕಾದವಳು ತಿಪಟೂರಿನಲ್ಲಿ ಸೊಪ್ಪು ಸೋಸುತ್ತಿದ್ದಳು.

ಭಾನುವಾರ ಹೇಳಿದೆ. ಅಕ್ಕನ ಕಡೆಯಿಂದ ‘ಎ...’ ಅಂದ ಹಾಗೆ ಕೇಳಿಸಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಆಮೇಲೆ ಕೆಮ್ಮಿದಳು. ‘ನೀನು ಮಾಡಿದ್ದೇ ಸರಿಯಪ್ಪ. ಬಲ ಬರಬೇಕಾದ್ದೇ ಧರ್ಮ’ ಅಂದಳು. ಬರೋಡಾದ ಅಷ್ಟೂ ಜನರ ಎದುರು ಆಗದ ಅವಮಾನ ನನಗೆ ಆಗ ಆಯಿತು.

ಉಪ್ಪು

ಅಹಮದಾಬಾದಿನಲ್ಲಿ ನನ್ನ ಬಾಡಿಗೆ ಮನೆಯ ಒಡತಿ ಎದುರು ಬಾಗಿಲಿನಲ್ಲೇ ಇದ್ದರು. ವಯಸ್ಸಾದ ಹೆಂಗಸು, ಎಲ್ಲರೂ ‘ಬಾ’ ಅನ್ನುತ್ತಿದ್ದರು. ಬಾ ಅಂದರೆ ಗುಜರಾತಿಯಲ್ಲಿ ಅಮ್ಮ. ನಾನು ಯಾವಾಗ ಬಂದೆ, ಏನು ತಂದೆ, ಎಲ್ಲದರ ಮೇಲೂ ಅವರದ್ದೊಂದು ಕಣ್ಣು.

ಗುಜರಾತಿಗಳಿಗೆ ದೀಪಾವಳಿಯ ಮಾರನೆಯ ದಿನ ಹೊಸ ವರ್ಷ. ಅವತ್ತು ಕೋಳಿ ಕೂಗುವ ಹೊತ್ತಿಗೆ ಉಪ್ಪು ಮಾರುವವರು ಬಾಗಿಲಿಗೆ ಬರುತ್ತಾರೆ. ಉಪ್ಪು ಅಂದರೆ ಲಕ್ಷ್ಮಿ. ವರ್ಷದ ಮೊದಲ ವಸ್ತುವಾಗಿ ಅದು ಮನೆಯೊಳಗೆ ಬರಬೇಕು. ಇದು ನನಗೆ ಗೊತ್ತಿತ್ತು, ಬಾ ಹಿಂದಿನ ದಿನವೇ ಹೇಳಿದ್ದರು. ಗೊತ್ತಿರುವ ಅರ್ಧ ಇಲ್ಲಿಗೆ ಮುಗಿಯಿತು.

ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಲುಂಗಿ ಬನಿಯನ್ನಿನಲ್ಲೇ ಎದ್ದು ತೆರೆದೆ. ಉಪ್ಪಿನ ಬುಟ್ಟಿ ಹೊತ್ತ ಅಜ್ಜಿ. ನಗುತ್ತ ಒಂದು ಹಿಡಿ ಉಪ್ಪು ತೆಗೆದು ನನ್ನ ಕೈಗೆ ಚಾಚಿದಳು. ನಾನು ಹಾವು ಕಂಡ ಹಾಗೆ ಹಿಂದಕ್ಕೆ ಜಿಗಿದೆ. ಕೈಯಿಂದ ಕೈಗೆ ಉಪ್ಪು ಇಸಿದುಕೊಂಡರೆ ಜಗಳ ಆಗುತ್ತದೆ! ನಮ್ಮ ಕಡೆ ಮಕ್ಕಳಿಗೂ ಗೊತ್ತು. ‘ಕೆಳಗಿಡಿ ಅಜ್ಜಿ’ ಅಂದೆ ಹಿಂದಿಯಲ್ಲಿ.

ಅವಳು ಬೆಚ್ಚಿದಳು. ಹೊಸ ವರ್ಷದ ಲಕ್ಷ್ಮಿಯನ್ನು ನೆಲಕ್ಕೆ ಹಾಕುವುದೇ? ‘ಹಿಡಿ ಬೇಟಾ’ ಅಂತ ಮುಂದೆ ಬಂದಳು. ನಾನು ಹಿಂದೆ ಹೋದೆ. ಅವಳು ಹಿಡಿ ಬಿಚ್ಚಲೊಲ್ಲಳು, ನಾನು ಕೈ ನೀಡಲೊಲ್ಲೆ. ಮೆಟ್ಟಿಲ ಮೇಲೆ ಹೊಸ ಬಟ್ಟೆ ತೊಟ್ಟ ಅಕ್ಕಪಕ್ಕದವರೆಲ್ಲ ಸೇರಿದರು. ಜಗಳ ಆಗಬಾರದು ಅಂತ ನಾನು ಮಾಡಿದ ಉಪಾಯಕ್ಕೆ ಅಲ್ಲೇ ಜಗಳ ಶುರುವಾಗುವ ಹಾಗಿತ್ತು. ತಟ್ಟೆ ತರಲು ಒಳಗೆ ಓಡಿದರೆ ಲಕ್ಷ್ಮಿಗೆ ಬೆನ್ನು ತೋರಿಸಿದ ಹಾಗಾಗುತ್ತದೆ ಅಂತ ಯಾರೋ ಕೂಗಿದರು. ಬೇರೆ ದಾರಿ ಕಾಣದೆ ಲುಂಗಿಯ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಮುಂದೆ ಒಡ್ಡಿದೆ. ಅಜ್ಜಿ ಸಮಾಧಾನದಿಂದ ಅದರೊಳಗೆ ಹಾಕಿದಳು. ಹಾಕುವಾಗ ತಲೆ ಮೇಲೆ ಕೈಯಿಟ್ಟು ಹರಸಿದಳು ಕೂಡ. ನಮ್ಮ ಕಡೆ ಬಸುರಿ ಹೆಂಗಸರಿಗೆ ಮಡಿಲು ತುಂಬುತ್ತಾರಲ್ಲ, ಹಾಗೆ ನಾನು ಇಡೀ ಬಿಲ್ಡಿಂಗಿನ ಎದುರು ಮಡಿಲು ತುಂಬಿಸಿಕೊಂಡು ಒಳಗೆ ಹೋದೆ.

ಬಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಸಿಹಿ ತಂದುಕೊಟ್ಟು, ಕಣ್ಣೊರೆಸಿಕೊಂಡು, ‘ನಿನಗೆ ಮನೆಯಲ್ಲಿ ಬೈಯುವವರು ಯಾರೂ ಇಲ್ಲವಾ?’ ಅಂತ ಕೇಳಿದರು.

‘ಇದ್ದಾಳೆ, ಬಾ. ಬೈಯುವುದು ಬಿಟ್ಟಿದ್ದಾಳೆ’ ಅಂದೆ.

ಅದನ್ನು ಹೇಳುವಾಗ ನನ್ನ ಮುಖ ಹೇಗಿತ್ತೋ. ಬಾ ನಗು ನಿಲ್ಲಿಸಿದರು. ಇನ್ನೊಂದು ಸಿಹಿ ಕೈಗಿಟ್ಟು, ‘ಕೇಳಿ ತಗೋ. ಕೇಳದೆ ಅಮ್ಮನೂ ಬಡಿಸುವುದಿಲ್ಲ’ ಅಂದರು.

ಆ ಭಾನುವಾರ ನಾನು ಬೇರೆ ಏನೂ ಹೇಳಲಿಲ್ಲ. ‘ಅಕ್ಕಾ, ಒಂದೇ ಒಂದು ಸಲ ಎಡಬಿಡಂಗಿ ಅನ್ನೇ’ ಅಂದೆ. ಎದುರುಮನೆಯವರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು. ಆಮೇಲೆ, ‘ಅದೊಂದು ಮಾತಿಗೆ ನಿನ್ನ ಮದುವೆ ಒಂದ್ಸಲ ಕೆಡ್ತು. ಮೊದ್ಲು ಮದುವೆ ಗೊತ್ತಾಗ್ಲಿ. ಆಮೇಲೆ ಎಷ್ಟು ಬೇಕೋ ಅಷ್ಟು ಬೈತೀನಿ. ಅಲ್ಲೀವರ್ಗೂ ಕೇಳ್ಬೇಡಪ್ಪ’ ಅಂದಳು. ಫೋನು ಇಟ್ಟಳು. ನಾನು ಉಪ್ಪಿನ ಡಬ್ಬ ನೋಡುತ್ತ ಕೂತೆ.

ಗುಲಾಬಿ

ಆಮೇಲೆ ಅಲ್ಲೇ ಒಂದು ಸಂಬಂಧ ಬಂತು, ಕುದುರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗಿಗೆ ಮುಂದೆ ಓದುವ ಆಸೆ ಇತ್ತು, ಓದಲು ಪುಣೆಗೆ ಹೋದಳು, ಒಳ್ಳೆಯದೇ ಆಯಿತು.

ಅವಳ ಅಪ್ಪ ಅಹಮದಾಬಾದಿನ ಒಂದು ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ, ಹಾಸನದವರು. ಅಮ್ಮ ಹೊಳೆನರಸೀಪುರದ ಕಡೆಯವರು. ಮಗಳು ಹುಟ್ಟಿದ್ದೇ ಅಹಮದಾಬಾದಿನಲ್ಲಿ, ಕನ್ನಡ ಅಷ್ಟಕ್ಕಷ್ಟೆ. ನೋಡುವ ಶಾಸ್ತ್ರಕ್ಕೆ ಅಕ್ಕ ಬರಲೇಬೇಕು ಅಂತಾಯಿತು. ಭಾವನಿಗೆ ರಜೆ ಸಿಗಲಿಲ್ಲ. ಅಕ್ಕ ಒಬ್ಬಳೇ ರೈಲು ಹತ್ತಿ ಬಂದಳು, ಚೀಲದ ತುಂಬ ತಿಪಟೂರಿನ ಕೊಬ್ಬರಿ, ಕೊಬ್ಬರಿ ಎಣ್ಣೆ ಹೊತ್ತುಕೊಂಡು. ಸ್ಟೇಷನ್ನಿನಲ್ಲಿ ನಾನು ತಪ್ಪು ಪ್ಲಾಟ್‌ಫಾರಮ್ಮಿನಲ್ಲಿ ಕಾದಿದ್ದೆ. ಆಗಲೂ ಅನ್ನಲಿಲ್ಲ.

ಏಪ್ರಿಲ್ ತಿಂಗಳು. ಸಂಜೆಗೆ ಹುಡುಗಿ ನೋಡುವುದು. ಬೆಳಿಗ್ಗೆ ಅಕ್ಕ ನನ್ನನ್ನು ಕೂರಿಸಿಕೊಂಡು, ‘ಕೂದ್ಲು ಹೇಗೆ ಕೆಂಜಗಾಗಿದೆ ನೋಡು’ ಅಂತ ತಲೆಗೆ ಕೊಬ್ಬರಿ ಎಣ್ಣೆ ತಟ್ಟಿದಳು. ಎಷ್ಟು ವರ್ಷ ಆಗಿತ್ತು ಆ ಕೈ ತಲೆ ಮೇಲೆ ಬಿದ್ದು. ಕಣ್ಣು ಮುಚ್ಚಿ ಕೂತಿದ್ದೆ. ಅಷ್ಟರಲ್ಲಿ ವಟ್ವಾದಿಂದ ಫೋನು. ಬಣ್ಣದ ಕಾರ್ಖಾನೆಯಲ್ಲಿ ತಕ್ಕಡಿ ಕೈಕೊಟ್ಟಿದೆ, ಮಾಲು ನಿಂತಿದೆ, ಹತ್ತೇ ನಿಮಿಷದ ಕೆಲಸ, ಬಂದು ಹೋಗಿ. ಹತ್ತು ನಿಮಿಷದ ಕೆಲಸ ಸಂಜೆವರೆಗೆ ಹಿಡಿಯಿತು.

ಅವತ್ತು ಅಲ್ಲಿ ತೂಗುತ್ತಿದ್ದದ್ದು ರಾಣಿ ಗುಲಾಬಿ ಬಣ್ಣದ ಪುಡಿ. ಒಣಗಿದ್ದಾಗ ಅದು ಹಸಿರುಗಪ್ಪು, ಕಂಡೂ ಕಾಣದಷ್ಟು ನುಣುಪು. ನೀರು ತಾಗಿತೋ, ಒಂದು ಚಿಟಿಕೆಗೆ ಒಂದು ಬಾವಿ ಗುಲಾಬಿಯಾಗುತ್ತದೆ. ಆದ್ದರಿಂದ ಕಾರ್ಖಾನೆಯಿಂದ ಹೊರಡುವ ಮುನ್ನ ಎಲ್ಲರೂ ಗಾಳಿ ಊದುವ ಪೈಪಿನ ಮುಂದೆ ನಿಂತು ಮೈಯೆಲ್ಲ ಊದಿಸಿಕೊಳ್ಳಬೇಕು. ಮೊದಲು ಗಾಳಿ, ಆಮೇಲೆ ನೀರು. ನನಗೂ ಗೊತ್ತು. ಊದಿಸಿಕೊಂಡೆ. ಅಲ್ಲೇ ಹೊಸ ಅಂಗಿ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಒಂದು ಚುಕ್ಕೆ ಇಲ್ಲ. ಸ್ನಾನಕ್ಕೆ ಹೊತ್ತಿಲ್ಲ, ನೇರ ಅವರ ಮನೆಗೇ ಹೋದೆ. ಎಣ್ಣೆ ತಲೆಗೆ ಕೂತ ಪುಡಿ ಯಾವ ಗಾಳಿಗೂ ಏಳುವುದಿಲ್ಲ ಅನ್ನುವುದು ನನಗೆ ಗೊತ್ತಿಲ್ಲದ ಇನ್ನರ್ಧ.

ಅಕ್ಕ ಆಗಲೇ ರೇಷ್ಮೆ ಸೀರೆ ಉಟ್ಟು ಅವರ ಸೋಫಾದಲ್ಲಿ ನೆಟ್ಟಗೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತೆ. ಕೂತ ಐದು ನಿಮಿಷಕ್ಕೆ ಕರೆಂಟು ಹೋಯಿತು.

‘ನಮ್ಮ ಹುಡುಗರು ಚಿಕ್ಕಂದಿನಿಂದ್ಲೂ ಗಂಭೀರ’ ಅಂತ ಅಕ್ಕ ಶುರುಮಾಡಿದಳು. ‘ಹುಡುಗರು’ ಅಂದರೆ ನಾನೊಬ್ಬನೇ. ‘ಒಂದು ಮಾತು ಹೆಚ್ಚಿಲ್ಲ, ಒಂದು ಹೆಜ್ಜೆ ತಪ್ಪಿಲ್ಲ. ಕೂದಲೆಳೆ ತೂಗೋ ಕೆಲ್ಸ ಅಲ್ವಾ, ಎಲ್ಲಾ ಅಳೆದು ಸುರಿದೇ ಮಾಡೋದು.’ ಎದುರು ಗೋಡೆ ನೋಡುತ್ತ ಬಾಯಿಪಾಠ ಒಪ್ಪಿಸುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ನಡುವೆ ನಕ್ಕುಬಿಟ್ಟೇನೆಂಬ ಭಯ ಇರಬೇಕು.

ನನ್ನ ಹಣೆಯಿಂದ ಬೆವರು ಇಳಿಯತೊಡಗಿತು. ಹುಡುಗಿಯ ಅಮ್ಮ ನನ್ನನ್ನು ನೋಡಿ ಮೆಲ್ಲಗೆ ನಕ್ಕರು. ‘ಬಹಳ ನಾಚಿಕೆ ಸ್ವಭಾವ ಅನ್ಸತ್ತೆ. ಕೆನ್ನೆ ಎಷ್ಟು ಕೆಂಪಾಗಿದೆ ನೋಡಿ.’

‘ಹೌದು, ತುಂಬಾ ಸಂಕೋಚ’ ಅಂದಳು ಅಕ್ಕ, ಗೋಡೆಗೇ.

ನಾಚಿಕೆ ಕಿವಿಗೆ ಹರಡಿತು. ಕತ್ತಿಗಿಳಿಯಿತು. ಹುಡುಗಿಯ ಅಪ್ಪ ಮಾತು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಪ್ರಯೋಗ ನೋಡುವ ಹಾಗೆ ಮುಂದಕ್ಕೆ ಬಗ್ಗಿ ನನ್ನನ್ನು ನೋಡತೊಡಗಿದರು. ದೊಡ್ಡ ಮನುಷ್ಯರು, ಮಾತೆತ್ತಲಿಲ್ಲ. ನನಗೆ ಏನೂ ತಿಳಿಯಲಿಲ್ಲ. ಕೈಯಿಂದ ಹಣೆ ಒರೆಸಿಕೊಂಡೆ, ಕೈಯನ್ನು ಸೋಫಾದ ಮೇಲಿಟ್ಟೆ. ಸೋಫಾಕ್ಕೆ ಹಾಲಿನಂಥ ಬಿಳೀ ಕಸೂತಿ ಬಟ್ಟೆ ಹಾಸಿದ್ದರು. ಗಂಭೀರವಾಗಿ ಕಾಣಲೆಂದು ಹಿಂದಕ್ಕೊರಗಿದೆ. ಅಲ್ಲೂ ಬಿಳೀ ಬಟ್ಟೆ ಇತ್ತು.

ಹುಡುಗಿ ಕಾಫಿ ತಟ್ಟೆ ಹಿಡಿದು ಬಂದಳು. ನನ್ನನ್ನು ನೋಡಿದಳು. ತಟ್ಟೆ ಗಡಗಡ ಅಂದಿತು. ‘ಮಮ್ಮೀ, ಹೋಳಿ ತೋ ಗಯೀ ನೆ?’ ಅಂದಳು. ಹೋಳಿಹಬ್ಬ ಮುಗಿಯಿತಲ್ಲ ಅಂತ.

ಆಗ ಅಕ್ಕ ತಿರುಗಿದಳು.

ನನ್ನ ಮುಖ, ಕತ್ತು, ಹೊಸ ಅಂಗಿಯ ಕಾಲರು, ಸೋಫಾದ ತೋಳಿನ ಮೇಲೆ ಐದು ಬೆರಳು, ಬೆನ್ನಿಗೆ ತಲೆಯ ಗಾತ್ರದ ಒಂದು ಗುಂಡನೆಯ ಗುಲಾಬಿ ಗುರುತು. ಒಂದೊಂದನ್ನೂ ನೋಡಿದಳು. ತುಟಿ ಬಿಗಿದಳು. ಮೂಗಿನ ಹೊಳ್ಳೆ ಅರಳಿದವು. ವರ್ಷಗಟ್ಟಲೆ ಕಟ್ಟಿಟ್ಟದ್ದು ಒಡೆಯಿತು.

‘ಅಯ್ಯೋ ಎಡಬಿಡಂಗಿ ಮುಂಡೇದೇ! ಇದೇನೋ ನಿನ್ನ ಅವತಾರ!’

ಅಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಕೆಟ್ಟಿತು, ಇನ್ನೊಂದು ಸಂಬಂಧವೂ ತನ್ನ ಬಾಯಿಂದಲೇ ಕೆಟ್ಟಿತು ಅಂತ ಅವಳ ಕಣ್ಣಲ್ಲಿ ನೀರು ತುಂಬಿತು. ನನ್ನ ಕಣ್ಣಲ್ಲೂ ತುಂಬಿತು. ಕಾರಣ ಬೇರೆ. ಎಷ್ಟು ಸುಖವಾಯಿತು ಅಂದರೆ ಹೇಳಲಾರೆ. ಅದೂ ದೊಡ್ಡ ದರ್ಜೆಯದ್ದೇ ಸಿಕ್ಕಿತ್ತು! ಅಳು ಕೆನ್ನೆಗಿಳಿದು ಅಲ್ಲೂ ಗುಲಾಬಿ ಗೆರೆ ಎಳೆಯಿತು.

‘ಎಡಬಿಡಂಗಿ ಮತ್ಲಬ್?’ ಅಂತ ಹುಡುಗಿ ಅಪ್ಪನನ್ನು ಕೇಳಿದಳು. ವಿಜ್ಞಾನಿಗಳು ಗಂಟಲು ಸರಿಮಾಡಿಕೊಂಡರು. ‘ಅದು... ಒಂದು ಬಗೆಯ... ಇದು’ ಅಂತ ನನ್ನನ್ನು ತೋರಿಸಿದರು.

ಅಷ್ಟರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೋಡಿದರೆ ಹುಡುಗಿಯ ಅಮ್ಮ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ತಡೆಯಲಾಗದೆ ನಕ್ಕರು, ನಕ್ಕರು, ಕುರ್ಚಿಯಲ್ಲಿ ಕುಸಿದು ನಕ್ಕರು. ನಗು ನಿಂತ ಮೇಲೆ ನೋಡಿದರೆ ಅಳುತ್ತಿದ್ದರು.

‘ನಮ್ಮಮ್ಮ ನನ್ನನ್ನ ಕರೀತಿದ್ದದ್ದೇ ಹಾಗೆ’ ಅಂದರು. ‘ಮದುವೆಯಾಗಿ ಇಲ್ಲಿಗೆ ಬಂದೆ. ಅಮ್ಮ ಹೋದ್ರು. ಆಮೇಲೆ ಒಬ್ರ ಬಾಯಲ್ಲೂ ಕೇಳ್ಲಿಲ್ಲ. ಹಾಲು ಉಕ್ಕಿಸಿದ್ರೆ ಇವರು ಸಿಲ್ಲಿ ಅಂತಾರೆ, ಇವಳು ಪಾಗಲ್ ಅಂತಾಳೆ.’ ಆಮೇಲೆ ಅಕ್ಕನ ಕೈ ಹಿಡಿದುಕೊಂಡರು. ‘ಇನ್ನೊಂದ್ಸಲ ಅನ್ನಿ.’

‘ಇವ್ನಿಗಾ?’ ಅಂದಳು ಅಕ್ಕ ಗಾಬರಿಯಿಂದ.

‘ಅವ್ರಿಗಲ್ಲ, ನಂಗೆ.’

ಅಕ್ಕ ನನ್ನನ್ನು ನೋಡಿದಳು. ವಿಜ್ಞಾನಿಗಳನ್ನು ನೋಡಿದಳು. ಹೊರಗಿನವರಿಗೆ ಅನ್ನುವ ಮಾತಲ್ಲ ಅದು. ಆಕೆಯ ಮುಖವನ್ನು ಮತ್ತೊಂದು ಸಲ ನೋಡಿದಳು. ಆಮೇಲೆ ಸೀರೆ ಸರಿಮಾಡಿಕೊಂಡು, ಸೊಂಟಕ್ಕೆ ಕೈಯಿಟ್ಟು, ನಮ್ಮ ಮನೆಯ ಒಲೆ ಮುಂದೆ ನಿಂತು ಗದರುತ್ತಿದ್ದಳಲ್ಲ, ಅದೇ ದನಿಯಲ್ಲಿ ಗದರಿದಳು.

‘ಎಡಬಿಡಂಗಿ! ಗಂಡಿನ ಕಡೆಯೋರು ಬರೋ ದಿನ ಯಾರಾದ್ರೂ ಸೋಫಾಗೆ ಬಿಳೀ ಬಟ್ಟೆ ಹಾಸ್ತಾರೇನೇ?’

ಆಕೆ ವಯಸ್ಸಿನಲ್ಲಿ ನಮ್ಮಕ್ಕನಿಗಿಂತ ದೊಡ್ಡವರು. ಆದರೂ ಕೈ ಕಟ್ಟಿ, ತಲೆ ತಗ್ಗಿಸಿ, ‘ತಪ್ಪಾಯ್ತಮ್ಮಾ’ ಅಂದರು.